ಹಿಂದಕ್ಕೆ ಹರಿಯುವ ನೀರು: ವರ್ಷಕ್ಕೊಂದು ಪರೀಕ್ಷೆಗೆ ನಾವು ಅಂಜಬೇಕೆ?

ಕೆಲವು ವರ್ಷಗಳ ಹಿಂದೆ ಮಾರ್ಚ್ 31ರ ದಾಸ್ತಾನು ಪರಿಶೀಲನೆಗೆಂದು ಒಂದು ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಘಟಕಕ್ಕೆ ಹೋಗಿದ್ದೆ. ಆ ವರ್ಷ ಅಲ್ಲಿ ನಿಕ್ಕಲ್ ಲವಣದ ಬಳಕೆ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿತ್ತು. ಲೇಪನಗೊಂಡು ಹೊರಬಿದ್ದ ಮಾಲಿನ ಪ್ರಮಾಣ ಮಾತ್ರ ಹೆಚ್ಚಿರಲಿಲ್ಲ. ವ್ಯತ್ಯಾಸಕ್ಕೆ ಕಾರಣವೇನೆಂದು ಕೇಳಿದರೆ ಮಾಲೀಕರಲ್ಲಿ ಉತ್ತರವಿರಲಿಲ್ಲ. ತೊಟ್ಟಿಗಳ ಬಳಿ ನಿಂತಿದ್ದಾಗ ನನ್ನ ಕಣ್ಣಿಗೆ ಒಂದು ರಬ್ಬರ್ ಪೈಪು ಬಿತ್ತು. ಅದರ ಒಂದು ತುದಿ ನಗರಪಾಲಿಕೆಯ ನೀರು ಬರುವ ನಲ್ಲಿಗೆ ಸಿಕ್ಕಿಸಿತ್ತು. ಇನ್ನೊಂದು ತುದಿ ನಿಕ್ಕಲ್ ದ್ರಾವಣದ ತೊಟ್ಟಿಯಲ್ಲಿ ಮೊಳದುದ್ದ ಮುಳುಗಿತ್ತು. ನಲ್ಲಿಯ ತಿರುಪು ತೆರೆದೇ ಇತ್ತು.

ಅಲ್ಲಿದ್ದ ಹಿರಿಯ ಮೇಸ್ತ್ರಿಯನ್ನು ವಿಚಾರಿಸಿದೆ. "ಬೆಳಿಗ್ಗೆ ನೀರು ಬಂದಾಗ ತೊಟ್ಟಿ ತಾನೇ ತುಂಬಿಕೊಳ್ಳಲಿ ಅಂತ ಹಾಗೆ ಬಿಟ್ಟಿರುತ್ತೇವೆ ಸಾರ್. ನೀರು ನಿಂತ ಮೇಲೆ ಬಂದು ನೋಡಿದರೆ ಮಟ್ಟ ನಾಲ್ಕು ಬೆರಳು ಇಳಿದಿರುತ್ತದೆ. ಬಿಸಿಗೆ ಆವಿಯಾಗುತ್ತದೆ ಅಂದುಕೊಂಡಿದ್ದೆ" ಎಂದರು. ಅದೇ ಕೊಳವೆಯಿಂದ ಕವಲೊಡೆದ ಇನ್ನೊಂದು ನಲ್ಲಿಯಲ್ಲಿ ಕೆಲಸಗಾರರು ಕುಡಿಯುವ ನೀರು ಹಿಡಿಯುತ್ತಿದ್ದರು. ಅದೇ ಬೀದಿಯ ಕೊಳವೆಯಿಂದ ಅಕ್ಕಪಕ್ಕದ ಮನೆಗಳಿಗೂ ನೀರು ಹೋಗುತ್ತಿತ್ತು.

ಕೊರತೆಬಿದ್ದ ಲವಣವೆಲ್ಲ ಆ ಪೈಪಿನ ಮೂಲಕವೇ ಹೋಯಿತೆಂದು ನಾನು ಸಾಧಿಸಲಾರೆ. ಆದರೆ ನೀರು ಮುಂದಕ್ಕೆ ಮಾತ್ರ ಹರಿಯುತ್ತದೆ ಎಂಬ ನನ್ನ ನಂಬಿಕೆ ಅಂದಿಗೆ ಹೋಯಿತು. ಆ ದಿನದಿಂದ ಈ ವಿಷಯವನ್ನು ಸ್ವಲ್ಪ ಶ್ರದ್ಧೆಯಿಂದ ಓದಿಕೊಂಡು ಬಂದಿದ್ದೇನೆ. ನಾನು ಇಂಜಿನಿಯರನಲ್ಲ, ಲೆಕ್ಕ ಬರೆಯುವವನು, ಲೆಕ್ಕ ನೋಡುವವನು. ಆದರೂ ಇದರಲ್ಲಿ ನಮ್ಮ ಸದಸ್ಯ ಬಾಂಧವರ ಹಿತ ಅಡಗಿದೆ ಎಂಬ ಕಾರಣದಿಂದ ಈ ಪುಟಗಳಲ್ಲಿ ನನ್ನ ಅಭಿಪ್ರಾಯವನ್ನು ಮಂಡಿಸುವ ಧೈರ್ಯ ಮಾಡುತ್ತಿದ್ದೇನೆ.

ಹಿಮ್ಮುಖ ಹರಿವು ಎಂದರೇನು?

ಕೊಳವೆಯಲ್ಲಿ ನೀರು ಹರಿಯುವುದು ಒತ್ತಡದ ಬಲದಿಂದ. ಬೀದಿಯ ಕೊಳವೆಯಲ್ಲಿ ಒತ್ತಡ ಹೆಚ್ಚು, ಗ್ರಾಹಕನ ಆವರಣದಲ್ಲಿ ಕಡಿಮೆ ಇರುವವರೆಗೆ ನೀರು ಒಳಕ್ಕೆ ಬರುತ್ತದೆ. ಈ ಸ್ಥಿತಿ ತಲೆಕೆಳಗಾದರೆ ಹರಿವೂ ತಲೆಕೆಳಗಾಗುತ್ತದೆ. ಇದು ಎರಡು ಬಗೆಯಲ್ಲಿ ಸಂಭವಿಸುತ್ತದೆ. ಸರಬರಾಜು ನಿಂತಾಗ, ದೊಡ್ಡ ಕೊಳವೆ ಒಡೆದಾಗ, ಅಥವಾ ಅಗ್ನಿಶಾಮಕ ದಳದವರು ಒಂದೇ ಸಮನೆ ನೀರೆಳೆದಾಗ ಬೀದಿಯ ಕೊಳವೆ ಬರಿದಾಗಿ ಗ್ರಾಹಕನ ಕಡೆಯ ನೀರನ್ನು ಹೀರಿಕೊಳ್ಳುವುದು ಒಂದು ಬಗೆ. ಗ್ರಾಹಕನ ಪಂಪು, ಬಾಯ್ಲರ್ ಅಥವಾ ಎತ್ತರದ ಟ್ಯಾಂಕಿನ ಒತ್ತಡ ಬೀದಿಯ ಒತ್ತಡವನ್ನು ಮೀರಿ ನೀರನ್ನು ಹಿಂದಕ್ಕೆ ತಳ್ಳುವುದು ಇನ್ನೊಂದು ಬಗೆ. ಎರಡರಲ್ಲಿಯೂ ಫಲ ಒಂದೇ: ನಮ್ಮ ಆವರಣದೊಳಗಿನ ಬಣ್ಣ, ಆಮ್ಲ, ಎಣ್ಣೆ, ಕೊಳಚೆ ಊರಿನ ಕುಡಿಯುವ ನೀರಿಗೆ ಸೇರುತ್ತದೆ.

ನಮ್ಮ ದೇಶದಲ್ಲಿ ಜಲಮಾಲಿನ್ಯ ನಿಯಂತ್ರಣ ಕಾಯ್ದೆ 1974ರಲ್ಲಿ ಬಂದಿತು. ಅಂದಿನಿಂದ ಕಾರ್ಖಾನೆಯ ಮೋರಿಯಿಂದ ಏನು ಹೊರಹೋಗುತ್ತದೆ ಎಂಬುದನ್ನು ಮಂಡಳಿಯವರು ನೋಡುತ್ತಾ ಬಂದಿದ್ದಾರೆ. ನೀರು ಒಳಬರುವ ಕೊಳವೆಯಿಂದ ಏನಾದರೂ ಹೊರಹೋಗುತ್ತಿದೆಯೇ ಎಂದು ನೋಡುವವರು ಮಾತ್ರ ಯಾರೂ ಇಲ್ಲ.

ಅಮೆರಿಕದ ಪದ್ಧತಿ

ಅಮೆರಿಕದಲ್ಲಿ ಇದಕ್ಕೊಂದು ಪದ್ಧತಿ ಬೆಳೆದುಬಂದಿದೆ. ಅದರ ಹಿಂದೆ ಕಹಿ ಅನುಭವವಿದೆ. 1933ರಲ್ಲಿ ಷಿಕಾಗೋ ನಗರದಲ್ಲಿ ವಿಶ್ವ ಪ್ರದರ್ಶನ ನಡೆದಾಗ, ಎರಡು ಹೋಟೆಲುಗಳ ದೋಷಪೂರ್ಣ ಕೊಳಾಯಿ ಜೋಡಣೆಯಿಂದ ಕೊಳಚೆ ನೀರು ಕುಡಿಯುವ ನೀರಿಗೆ ಬೆರೆತು ಅಮೀಬಿಕ್ ಆಮಶಂಕೆ ಹರಡಿತು. ಸತ್ತವರ ಸಂಖ್ಯೆ 98 ಎಂದು ದಾಖಲಾಗಿದೆ. ವ್ಯಾಪಾರಕ್ಕೂ ವಿಹಾರಕ್ಕೂ ಬಂದಿಳಿದಿದ್ದ ಅತಿಥಿಗಳು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಕಾಯಿಲೆ ಬಿದ್ದುದರಿಂದ ಮೂಲವನ್ನು ಪತ್ತೆಹಚ್ಚುವುದೂ ಕಷ್ಟವಾಯಿತು.

ಇಂದು ಅಲ್ಲಿನ ಬಹುತೇಕ ನಗರಗಳಲ್ಲಿ ಅಪಾಯಕಾರಿ ವಸ್ತುಗಳನ್ನು ಬಳಸುವ ಗ್ರಾಹಕನು ನೀರಿನ ಮೀಟರಿನ ಬಳಿ ಹಿಮ್ಮುಖ ಹರಿವನ್ನು ತಡೆಯುವ ಸಾಧನವನ್ನು ಅಳವಡಿಸಿಕೊಳ್ಳಬೇಕು; ಅಳವಡಿಸಿದಾಗಲೂ, ದುರಸ್ತಿ ಮಾಡಿದಾಗಲೂ, ಆಮೇಲೆ ವರ್ಷಕ್ಕೊಮ್ಮೆಯೂ ಪ್ರಮಾಣಪತ್ರ ಪಡೆದ ಪರೀಕ್ಷಕನಿಂದ ಪರೀಕ್ಷೆ ಮಾಡಿಸಿ ವರದಿಯನ್ನು ಜಲಸಂಸ್ಥೆಗೆ ಸಲ್ಲಿಸಬೇಕು. ವೆಚ್ಚ ಗ್ರಾಹಕನದು. ನೋಟೀಸುಗಳಿಗೆ ಮಣಿಯದಿದ್ದರೆ ನೀರಿನ ಸಂಪರ್ಕವನ್ನೇ ಕಡಿದುಹಾಕುತ್ತಾರೆ. ಈ ನಿಯಮಗಳು ರಾಜ್ಯಗಳವು ಮತ್ತು ನಗರಗಳವು. ಊರಿಂದ ಊರಿಗೆ ವ್ಯತ್ಯಾಸವುಂಟು. ಕ್ಯಾಲಿಫೋರ್ನಿಯ ರಾಜ್ಯವು ತನ್ನ ಹಳೆಯ ನಿಯಮಗಳನ್ನು ಪರಿಷ್ಕರಿಸಿ 2024ರ ಜುಲೈ 1ರಿಂದ ಹೊಸ ಕೈಪಿಡಿಯನ್ನು ಜಾರಿಗೆ ತಂದಿದೆ.

ಹೆಚ್ಚಿನ ಅಪಾಯವಿರುವ ಕಡೆ ಬಳಸುವ ಸಾಧನದ ರಚನೆ ಕುತೂಹಲಕರವಾಗಿದೆ. ಅದರಲ್ಲಿ ಒಂದರ ಹಿಂದೆ ಒಂದು ಎರಡು ನಾನ್ ರಿಟರ್ನ್ ವಾಲ್ವುಗಳು. ಅವುಗಳ ನಡುವೆ ಕಡಿಮೆ ಒತ್ತಡದ ಒಂದು ಕೋಣೆ. ಕೋಣೆಯ ಕೆಳಗೆ ಹೊರಕ್ಕೆ ತೆರೆದುಕೊಳ್ಳುವ ಮೂರನೆಯ ವಾಲ್ವು. ಎರಡರಲ್ಲಿ ಒಂದು ಕೈಕೊಟ್ಟರೂ ಮೂರನೆಯದು ತೆರೆದು ನೀರನ್ನು ನೆಲಕ್ಕೆ ಚೆಲ್ಲುತ್ತದೆಯೇ ಹೊರತು ಹಿಂದಕ್ಕೆ ಬಿಡುವುದಿಲ್ಲ. ಪರೀಕ್ಷಕನು ಒತ್ತಡದ ವ್ಯತ್ಯಾಸವನ್ನು ಅಳೆಯುವ ಗೇಜನ್ನು ಜೋಡಿಸಿ ಪ್ರತಿಯೊಂದು ವಾಲ್ವನ್ನೂ ಬೇರೆ ಬೇರೆಯಾಗಿ ನೋಡುತ್ತಾನೆ. ಒತ್ತಡದ ವ್ಯತ್ಯಾಸವು ಚದರ ಅಂಗುಲಕ್ಕೆ 2 ಪೌಂಡಿಗೆ ಇಳಿಯುವುದರೊಳಗೆ ಮೂರನೆಯ ವಾಲ್ವು ತೆರೆದಿರಬೇಕು. ವರದಿಯಲ್ಲಿ ಬರೆಯುವುದು ಬರಿಯ 'ಸರಿ ಇದೆ' ಎಂಬ ಮಾತನ್ನಲ್ಲ, ಗೇಜು ತೋರಿಸಿದ ಅಂಕಿಯನ್ನು.

ವರ್ಷಕ್ಕೊಮ್ಮೆ ಏಕೆ?

ಒಮ್ಮೆ ವಾಲ್ವು ಹಾಕಿಸಿದ ಮೇಲೆ ಮತ್ತೆ ಮತ್ತೆ ಪರೀಕ್ಷೆ ಏಕೆಂದು ಕೇಳುವುದು ಸಹಜ. ನನ್ನ ವೃತ್ತಿಯ ಅನುಭವದಿಂದಲೇ ಇದಕ್ಕೆ ಉತ್ತರಿಸುತ್ತೇನೆ.

ಯಂತ್ರದ ಬೆಲ್ಟ್ ಹರಿದರೆ ಯಂತ್ರ ನಿಲ್ಲುತ್ತದೆ. ಮಾಲೀಕರಿಗೆ ಆ ಕ್ಷಣವೇ ತಿಳಿಯುತ್ತದೆ. ನಾನ್ ರಿಟರ್ನ್ ವಾಲ್ವು ಕೆಟ್ಟರೆ ಏನೂ ನಿಲ್ಲುವುದಿಲ್ಲ. ಅದರ ರಬ್ಬರ್ ಸವೆದಿರಲಿ, ಸ್ಪ್ರಿಂಗು ಸಡಿಲವಾಗಿರಲಿ, ಬಾಯಿಗೆ ಮರಳಿನ ಕಾಳು ಸಿಕ್ಕಿಕೊಂಡಿರಲಿ, ನೀರು ಎಂದಿನಂತೆ ಒಳಕ್ಕೆ ಬರುತ್ತಲೇ ಇರುತ್ತದೆ. ಅದರ ಕೆಲಸವಿರುವುದು ವರ್ಷದಲ್ಲಿ ಎಂದೋ ಒಂದು ಗಳಿಗೆಯಲ್ಲಿ. ಆ ಗಳಿಗೆಯಲ್ಲಿ ಅದು ಸೋತರೂ ಸೋತಿತೆಂದು ತಿಳಿಯುವುದು ನೆರೆಮನೆಯವರ ಮಗುವಿಗೆ ವಾಂತಿಯಾದ ಮೇಲೆ.

ಲೆಕ್ಕಪತ್ರದಲ್ಲಿಯೂ ಹೀಗೆಯೇ. ನಗದು ಗುಮಾಸ್ತರೊಬ್ಬರು, ಚೆಕ್ಕಿಗೆ ಸಹಿ ಮಾಡುವವರು ಇನ್ನೊಬ್ಬರು ಎಂಬ ವ್ಯವಸ್ಥೆ ಕಾಗದದ ಮೇಲೆ ಇದ್ದ ಮಾತ್ರಕ್ಕೆ ಹಣ ಭದ್ರವಲ್ಲ. ಖಾಲಿ ಚೆಕ್ಕುಗಳಿಗೆ ಮೊದಲೇ ಸಹಿ ಹಾಕಿಟ್ಟಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ವ್ಯವಹಾರ ಸುಗಮವಾಗಿಯೇ ನಡೆದಿರುತ್ತದೆ. ತಡೆ ಕೆಲಸ ಮಾಡುತ್ತಿಲ್ಲವೆಂಬುದು ಪರೀಕ್ಷಿಸಿದಾಗಲೇ ಗೊತ್ತಾಗುವುದು. ಸದ್ದಿಲ್ಲದೆ ಕೆಡುವ ತಡೆಗೆ ಕಾಲಕಾಲದ ಪರೀಕ್ಷೆಯೊಂದೇ ಮದ್ದು. ಇದೇ ಕಾರಣಕ್ಕೆ ನಮ್ಮ ವಿದ್ಯುನ್ಮಾನ ತಕ್ಕಡಿಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿಯಮದಂತೆ ವರ್ಷಕ್ಕೊಮ್ಮೆ ಸತ್ಯಾಪನೆ ಮಾಡಿಸಿ ಮುದ್ರೆ ಹಾಕಿಸುತ್ತೇವೆ. ತಕ್ಕಡಿ ತಪ್ಪಿದರೆ ಗಿರಾಕಿಗೆ ಹತ್ತು ಗ್ರಾಂ ನಷ್ಟ; ವಾಲ್ವು ತಪ್ಪಿದರೆ ಆಗುವ ನಷ್ಟಕ್ಕೆ ತೂಕವಿಲ್ಲ.

ಒಬ್ಬರ ಉಳಿತಾಯ, ಊರಿನ ನಷ್ಟ

2016ರ ಡಿಸೆಂಬರ್ 14ರ ರಾತ್ರಿ ಅಮೆರಿಕದ ಟೆಕ್ಸಾಸ್ ರಾಜ್ಯದ ಕಾರ್ಪಸ್ ಕ್ರಿಸ್ಟಿ ನಗರದಲ್ಲಿ ಯಾರೂ ನಲ್ಲಿಯ ನೀರನ್ನು ಮುಟ್ಟಕೂಡದೆಂದು ಪ್ರಕಟಣೆ ಹೊರಟಿತು. ಕುದಿಸಿ ಕುಡಿಯುವುದಕ್ಕೂ, ಸ್ನಾನಕ್ಕೂ ಅದು ನಿಷಿದ್ಧವಾಯಿತು. ಕೈಗಾರಿಕಾ ಪ್ರದೇಶದಲ್ಲಿ ಡಾಂಬರು ತಯಾರಿಕೆಗೆ ಬಳಸುವ ರಾಸಾಯನಿಕವೊಂದು ಹಿಮ್ಮುಖ ಹರಿವಿನಿಂದ ನಗರದ ಕೊಳವೆಗೆ ಸೇರಿರಬಹುದೆಂಬ ಶಂಕೆಯೇ ಇದಕ್ಕೆ ಕಾರಣ. ಸುಮಾರು 3 ಲಕ್ಷ ಜನರಿರುವ ಆ ನಗರದಲ್ಲಿ ಶಾಲೆಗಳಿಗೆ ರಜೆ ಕೊಟ್ಟರು, ಉಪಾಹಾರ ಗೃಹಗಳು ಬಾಗಿಲೆಳೆದವು, ಬಾಟಲಿ ನೀರಿಗಾಗಿ ಅಂಗಡಿಗಳ ಮುಂದೆ ಸಾಲುಗಳು ಬೆಳೆದವು. ನಿರ್ಬಂಧ ಪೂರ್ತಿಯಾಗಿ ತೆರವಾದುದು 18ನೆಯ ತಾರೀಖು. ಕ್ರಿಸ್‌ಮಸ್ ಹಬ್ಬಕ್ಕೆ ಮುಂಚಿನ ವ್ಯಾಪಾರದ ದಿನಗಳವು.

ವರ್ತಕರಾದ ನಾವು ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ನಾಲ್ಕು ದಿನ ಗಲ್ಲಾಪೆಟ್ಟಿಗೆ ಬರಿದಾದುದು ರಾಸಾಯನಿಕ ಬಳಸಿದವರದಲ್ಲ. ಹೋಟೆಲಿನವರದು, ಬೇಕರಿಯವರದು, ಕ್ಷೌರದಂಗಡಿಯವರದು. ತಡೆಸಾಧನ ಇಲ್ಲದಿರುವುದರ ಲಾಭ ಒಬ್ಬರ ಖಾತೆಗೆ ಜಮೆಯಾಗುತ್ತದೆ, ನಷ್ಟ ನೂರಾರು ಜನರ ಖಾತೆಗೆ ಖರ್ಚು ಬೀಳುತ್ತದೆ. ಇಂಥ ಲೆಕ್ಕವನ್ನು ಮಾರುಕಟ್ಟೆ ತಾನಾಗಿ ಸರಿಪಡಿಸದು. ಅಲ್ಲಿ ನಿಯಮ ಬೇಕಾಗುತ್ತದೆ. ಇನ್ನೊಂದು ಮಾತನ್ನೂ ಮರೆಯಬಾರದು: ಟೆಕ್ಸಾಸಿನಲ್ಲಿ ನಿಯಮವಿತ್ತು. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಪ್ರತಿಯೊಂದು ಜೋಡಣೆಯ ಬಳಿ ಒಬ್ಬರು ಹೋಗಿ ಕಣ್ಣಾರೆ ನೋಡಿರಬೇಕು.

ನಮ್ಮ ಊರುಗಳ ಸ್ಥಿತಿ

ಅದು ಅಮೆರಿಕದ ಮಾತು, ನಮಗೇಕೆ ಎನ್ನುವವರಿಗೆ ನಮ್ಮ ಹುಬ್ಬಳ್ಳಿ–ಧಾರವಾಡದ ಉದಾಹರಣೆ ಸಾಕು. ಅಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡಲಾರಂಭಿಸಿದರು. ಉಳಿದ ವಾರ್ಡುಗಳಲ್ಲಿ ಕೆಲವು ದಿನಗಳಿಗೊಮ್ಮೆ ಬಿಡುವ ಹಳೆಯ ಪದ್ಧತಿಯೇ ಮುಂದುವರಿಯಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಸಂಶೋಧಕರು ಈ ಎರಡೂ ಬಗೆಯ ವಾರ್ಡುಗಳ ನಲ್ಲಿ ನೀರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಬಿಟ್ಟು ಬಿಟ್ಟು ನೀರು ಬರುವ ಕಡೆ 100 ಮಾದರಿಗಳಲ್ಲಿ ಸುಮಾರು 32ರಲ್ಲಿ ಮಲಮೂಲದ ಇ. ಕೋಲಿ ಬ್ಯಾಕ್ಟೀರಿಯ ಕಂಡುಬಂದಿತು. ನಿರಂತರ ನೀರು ಬರುವ ಕಡೆ ಅದು 100ಕ್ಕೆ ಒಂದಕ್ಕಿಂತಲೂ ಕಡಿಮೆ.

ಇದೆಲ್ಲವೂ ಗ್ರಾಹಕರ ಆವರಣದಿಂದಲೇ ಹಿಂದಕ್ಕೆ ಹೋದ ಕೊಳೆಯೆಂದು ಅರ್ಥವಲ್ಲ. ಒಡಕು ಕೊಳವೆಯ ಸುತ್ತಲಿನ ಕೊಳಚೆಯೂ ಒಳನುಗ್ಗುತ್ತದೆ. ಆದರೆ ಎರಡಕ್ಕೂ ಬಾಗಿಲು ತೆರೆಯುವುದು ಕೊಳವೆಯಲ್ಲಿ ಒತ್ತಡವಿಲ್ಲದ ಗಳಿಗೆಯೇ. ಅಮೆರಿಕದ ನಗರದಲ್ಲಿ ಅಂಥ ಗಳಿಗೆ ಅಪರೂಪ; ನಮ್ಮಲ್ಲಿ ನೀರು ನಿಂತಾಗಲೆಲ್ಲ ಅದು ಬರುತ್ತದೆ. ಅದರ ಮೇಲೆ ನಲ್ಲಿಗೇ ಮೋಟರು ಹಚ್ಚಿ ನೀರೆಳೆಯುವ ಅಭ್ಯಾಸವೊಂದು. ಒಬ್ಬರು ಎಳೆದರೆ ಬೀದಿಯ ಕೊಳವೆಯೆಲ್ಲ ಹೀರುಬಾಯಿಯಾಗುತ್ತದೆ. ಹೀಗಿರುವಾಗ ಈ ತಡೆಯ ಅಗತ್ಯ ಅಲ್ಲಿಗಿಂತ ಇಲ್ಲಿಯೇ ಹೆಚ್ಚು.

ಇನ್ನು ಮುಂದೆ ಅಪಾಯದ ಮುಖಗಳು ಹೆಚ್ಚಲಿವೆ. ಕಾರ್ಖಾನೆಗಳೂ ವಸತಿ ಸಮುಚ್ಚಯಗಳೂ ಸಂಸ್ಕರಿಸಿದ ಕೊಳಚೆ ನೀರನ್ನು ಬಳಸಬೇಕೆಂಬ ಒತ್ತಾಯ ಹೆಚ್ಚುತ್ತಿದೆ. ಅದು ಯೋಗ್ಯವಾದ ಕ್ರಮವೇ. ಆದರೆ ಒಂದೇ ಗೋಡೆಯ ಮೇಲೆ ಕಾವೇರಿ ನೀರಿನ ಕೊಳವೆ, ಕೊಳವೆಬಾವಿಯ ಕೊಳವೆ, ಸಂಸ್ಕರಿಸಿದ ನೀರಿನ ಕೊಳವೆ ಮೂರೂ ಸಾಗುವಾಗ, ಅವಸರದಲ್ಲಿ ಒಂದಕ್ಕೊಂದು ಜೋಡಿಸಿ ನಡುವೆ ಗೇಟ್ ವಾಲ್ವು ಇಟ್ಟು ಕೈತೊಳೆದುಕೊಳ್ಳುವ ಪ್ಲಂಬರುಗಳಿಗೆ ಕೊರತೆಯಿಲ್ಲ. ಫಿನ್‌ಲೆಂಡ್ ದೇಶದ ನೋಕಿಯಾ ಪಟ್ಟಣದಲ್ಲಿ 2007ರ ನವೆಂಬರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನೂ ಕುಡಿಯುವ ನೀರನ್ನೂ ಬೇರ್ಪಡಿಸಿದ್ದುದು ಇಂಥದೇ ಒಂದು ವಾಲ್ವು. ಅದು ತೆರೆದುಕೊಂಡಿತ್ತು, ಸಾವಿರಾರು ಜನ ಕಾಯಿಲೆ ಬಿದ್ದರು.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೊಳಾಯಿ ಭಾಗದಲ್ಲಿ ಹಿಮ್ಮುಖ ಹರಿವನ್ನು ತಡೆಯಬೇಕೆಂಬ ಸೂಚನೆಯಿದೆ. ಆದರೆ ಸಂಹಿತೆಯು ಶಿಫಾರಸಿನ ಸ್ವರೂಪದ್ದು. ಸ್ಥಳೀಯ ಸಂಸ್ಥೆ ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಗ್ರಾಹಕನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ವರದಿ ಸಲ್ಲಿಸುವ ಪದ್ಧತಿ ನಮ್ಮ ನಗರಗಳಲ್ಲಿ ರೂಢಿಗೆ ಬಂದಿಲ್ಲ.

ಆಕ್ಷೇಪಣೆಗಳು

ಈ ಪದ್ಧತಿ ಬೇಕೆಂದರೆ ಸದಸ್ಯರು ನನ್ನನ್ನೇ ತರಾಟೆಗೆ ತೆಗೆದುಕೊಂಡಾರು. ಟ್ರೇಡ್ ಲೈಸೆನ್ಸ್, ತಕ್ಕಡಿಯ ಮುದ್ರೆ, ಅಗ್ನಿಶಾಮಕ ಇಲಾಖೆಯ ಪತ್ರ, ಮಂಡಳಿಯ ಸಮ್ಮತಿ, ಜಿಎಸ್‌ಟಿ ವಿವರಣೆಗಳು ಇವೆಲ್ಲದರ ನಡುವೆ ಮತ್ತೊಂದು ಕಾಗದವೇ ಎಂಬ ಅವರ ಬೇಸರ ನ್ಯಾಯವಾದದ್ದು. ಸ್ಥಳಕ್ಕೆ ಬಾರದೆಯೇ ಕೊಟ್ಟ ಪ್ರಮಾಣಪತ್ರಗಳನ್ನು ನನ್ನ ಕಡತಗಳಲ್ಲಿಯೇ ಸಾಕಷ್ಟು ನೋಡಿದ್ದೇನೆ. ಹೊಸ ನಿಯಮವು ಅಂಥ ಇನ್ನೊಂದು ಕಾಗದವನ್ನು ಹುಟ್ಟಿಸುವುದಾದರೆ ಅದನ್ನು ವಿರೋಧಿಸುವವರಲ್ಲಿ ನಾನೂ ಒಬ್ಬನಾಗುತ್ತೇನೆ.

ವೆಚ್ಚದ ಮಾತೂ ಇದೆ. ಕೇವಲ ಲೆಕ್ಕಕ್ಕಾಗಿ ಒಂದು ಪರೀಕ್ಷೆಗೆ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ ಸುಮಾರು 8 ರೂಪಾಯಿ 22 ಪೈಸೆಯಾಗುತ್ತದೆ. ವ್ಯವಹಾರಕ್ಕಾಗಿ ಮಾಡಿದ ವೆಚ್ಚವಾದ್ದರಿಂದ ಆದಾಯದಲ್ಲಿ ಕಳೆಯಬಹುದು. ಜಿಎಸ್‌ಟಿಯಲ್ಲಿ ಸಾಮಾನ್ಯ ನೋಂದಣಿಯುಳ್ಳವರಿಗೆ ಮೇಲಿನ ತೆರಿಗೆಯೂ ಜಮೆಯಾಗುತ್ತದೆ, ಕಾಂಪೊಸಿಷನ್ ಪದ್ಧತಿಯವರಿಗೆ ಮಾತ್ರ ಆ ಅನುಕೂಲವಿಲ್ಲ. ಕಾನೂನು ಮುರಿದು ಕಟ್ಟಿದ ದಂಡವನ್ನಾದರೋ ವೆಚ್ಚವೆಂದು ತೋರಿಸಲು ಬರುವುದಿಲ್ಲ. ದೊಡ್ಡ ಘಟಕಕ್ಕೆ ಇದು ಭಾರವಲ್ಲ. ಕಿರಾಣಿ ಅಂಗಡಿಗೂ ಹೊಲಿಗೆಯಂಗಡಿಗೂ ಇದೇ ಹೊರೆ ಹೊರಿಸಿದರೆ ಮಾತ್ರ ಅನ್ಯಾಯ.

ಹೇಗಿರಬೇಕು ನಿಯಮ?

ಆದಕಾರಣ, ನಿಯಮ ಬೇಡವೆಂದು ಕೂಗುವುದಕ್ಕಿಂತ ಅದು ಬರುವ ಮುನ್ನವೇ ಹೇಗಿರಬೇಕೆಂದು ನಮ್ಮ ಸಂಸ್ಥೆಯು ಹೇಳುವುದು ಜಾಣತನ. ನನ್ನ ಸಲಹೆಗಳು ಇವು.

ಮೊದಲನೆಯದಾಗಿ, ಹೊಣೆಯು ಅಪಾಯಕ್ಕೆ ತಕ್ಕಷ್ಟಿರಬೇಕು. ಲೇಪನ, ಬಣ್ಣಗಾರಿಕೆ, ಔಷಧ, ರಾಸಾಯನಿಕ, ಆಸ್ಪತ್ರೆ, ವಾಹನ ತೊಳೆಯುವ ಕೇಂದ್ರ, ಬಾಯ್ಲರ್ ಇರುವ ಘಟಕ ಇವು ಒಂದು ವರ್ಗ. ಒಂದು ನಲ್ಲಿ, ಒಂದು ಶೌಚಾಲಯವಿರುವ ಅಂಗಡಿಯನ್ನು ಇದರಿಂದ ಹೊರಗಿಡಬೇಕು.

ಎರಡನೆಯದಾಗಿ, ಬಯಲು ಅಂತರವನ್ನು ಪರ್ಯಾಯವೆಂದು ಒಪ್ಪಬೇಕು. ಒಳಬರುವ ಕೊಳವೆಯ ಬಾಯಿಗೂ ತೊಟ್ಟಿಯ ಅಂಚಿಗೂ ನಡುವೆ ಕೊಳವೆಯ ವ್ಯಾಸದ ಎರಡರಷ್ಟು, ಒಂದಂಗುಲಕ್ಕೆ ಕಡಿಮೆಯಾಗದಂತೆ, ತೆರಪು ಬಿಟ್ಟರೆ ನೀರು ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಇದಕ್ಕಿಂತ ನಂಬಿಕೆಯ ಸಾಧನ ಇನ್ನೊಂದಿಲ್ಲ. ಇದಕ್ಕೆ ಸ್ಪ್ರಿಂಗೂ ಬೇಡ, ರಬ್ಬರೂ ಬೇಡ. ನಮ್ಮಲ್ಲಿ ಹೆಚ್ಚಿನ ಘಟಕಗಳಿಗೆ ನೀರು ಮೊದಲು ಸಂಪಿಗೆ ಬೀಳುವುದರಿಂದ, ಕೊಳವೆಯನ್ನು ಸಂಪಿನ ತಳದವರೆಗೆ ಇಳಿಬಿಡದೆ ಮೇಲೆಯೇ ನಿಲ್ಲಿಸಿದರೆ ಕೆಲಸ ಮುಗಿಯಿತು. ಪ್ಲಂಬರನ ಅರ್ಧ ದಿನದ ಕೂಲಿಯಲ್ಲಿ ಆಗುವ ಕೆಲಸಕ್ಕೆ ದುಬಾರಿ ಸಾಧನ ಕೊಳ್ಳಿರೆಂದು ಯಾರೂ ಒತ್ತಾಯಿಸಬಾರದು. ವರ್ಷಕ್ಕೊಮ್ಮೆ ಆ ಅಂತರ ಉಳಿದಿದೆಯೇ ಎಂದು ನೋಡಿದರೆ ಸಾಕು.

ಮೂರನೆಯದಾಗಿ, ಪರೀಕ್ಷಕರು ಇಲಾಖೆಯ ಇನ್ಸ್‌ಪೆಕ್ಟರುಗಳಾಗಿರದೆ, ತರಬೇತಿ ಹೊಂದಿ ಪ್ರಮಾಣಪತ್ರ ಪಡೆದ ಸ್ವತಂತ್ರ ಕಸಬುದಾರರಾಗಿರಬೇಕು, ಒಂದೂರಿನಲ್ಲಿ ಹಲವರಿರಬೇಕು. ಅವರ ಗೇಜನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ವರದಿಯಲ್ಲಿ ಅಂಕಿಗಳಿರಬೇಕು. ನಮ್ಮ ಪಾಲಿಟೆಕ್ನಿಕ್, ಐಟಿಐಗಳಲ್ಲಿ ಕಲಿತ ಯುವಕರಿಗೆ ಇದೊಂದು ಉದ್ಯೋಗವೂ ಆದೀತು.

ನಾಲ್ಕನೆಯದಾಗಿ, ಪರೀಕ್ಷೆಯ ತಿಂಗಳನ್ನು ಗ್ರಾಹಕನೇ ಆರಿಸಿಕೊಳ್ಳಲಿ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ನಮ್ಮ ಸದಸ್ಯರಿಗೂ ಅವರ ಲೆಕ್ಕಿಗರಿಗೂ ಇರುವ ತೊಂದರೆಗಳು ಸಾಕು! ದೋಷ ಕಂಡುಬಂದರೆ ದುರಸ್ತಿಗೆ ತಕ್ಕಷ್ಟು ಕಾಲಾವಕಾಶವಿರಲಿ. ವಿಷವಸ್ತುವಿನ ಸಂಪರ್ಕವಿರುವ ಕಡೆ ಮಾತ್ರ ಆ ಕ್ಷಣವೇ ನೀರು ನಿಲ್ಲಿಸುವ ಅಧಿಕಾರವಿರಲಿ.

ಐದನೆಯದಾಗಿ, ಹೊಣೆ ಎರಡೂ ಕಡೆಗೆ ಇರಬೇಕು. ಬೀದಿಯ ಕೊಳವೆಯಲ್ಲಿ ಒತ್ತಡ ಉಳಿಸುವುದು, ಒಡಕುಗಳನ್ನು ಮುಚ್ಚುವುದು, ನೀರಿನ ಪರೀಕ್ಷಾ ಫಲಿತಾಂಶವನ್ನು ವಾರ್ಡುವಾರು ಪ್ರಕಟಿಸುವುದು ಜಲಸಂಸ್ಥೆಯ ಕರ್ತವ್ಯ. ಗ್ರಾಹಕನಿಂದ ವಾರ್ಷಿಕ ವರದಿ ಕೇಳುವವರು ತಮ್ಮ ವಾರ್ಷಿಕ ವರದಿಯನ್ನೂ ಕೊಡಲಿ.

ಇವೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ತಕ್ಕಡಿ ಮುದ್ರೆಗೆ ಶಿಬಿರ ನಡೆಸುವಂತೆ, ನಮ್ಮ ಸಂಸ್ಥೆಯು ಒಬ್ಬ ನುರಿತ ಇಂಜಿನಿಯರರನ್ನು ಕರೆಸಿ ಸದಸ್ಯರ ಘಟಕಗಳ ನೀರಿನ ಜೋಡಣೆಗಳನ್ನು ಒಮ್ಮೆ ನೋಡಿಸಬಹುದು. ಅದಕ್ಕೂ ಮೊದಲು, ಈ ಪತ್ರಿಕೆಯನ್ನು ಮಡಿಚಿಟ್ಟು ಪ್ರತಿಯೊಬ್ಬ ಸದಸ್ಯರೂ ತಮ್ಮ ಆವರಣದಲ್ಲಿ ಒಂದು ಸುತ್ತು ಹಾಕಿ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಯಾವುದಾದರೂ ಪೈಪಿನ ತುದಿ ದ್ರವದಲ್ಲಿ ಮುಳುಗಿದೆಯೇ? ಕೊಳವೆಬಾವಿಯ ನೀರೂ ನಗರದ ನೀರೂ ಎಲ್ಲಿಯಾದರೂ ಕೂಡುತ್ತವೆಯೇ? ಸಂಪಿನೊಳಗೆ ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದೆಯೇ?

ಆ ಎಲೆಕ್ಟ್ರೋಪ್ಲೇಟಿಂಗ್ ಘಟಕದ ಮಾಲೀಕರು ಅದೇ ವಾರ ನಗರದ ನೀರು ಒಂದು ಸಣ್ಣ ಸಿಂಟೆಕ್ಸ್ ಟ್ಯಾಂಕಿಗೆ ಮೇಲಿನಿಂದ ಬೀಳುವಂತೆ ಮಾಡಿಸಿ, ತೊಟ್ಟಿಗಳಿಗೆ ಅಲ್ಲಿಂದಲೇ ಕೊಳವೆ ಕೊಡಿಸಿದರು. ಕುಡಿಯುವ ನೀರಿನ ನಲ್ಲಿಯನ್ನು ಬೇರೆ ಮಾಡಿಸಿದರು. ಮರುವರ್ಷ ದಾಸ್ತಾನು ಪರಿಶೀಲನೆಗೆ ಹೋದಾಗ ಮೇಸ್ತ್ರಿಯು ನನ್ನನ್ನು ನೇರವಾಗಿ ಆ ಟ್ಯಾಂಕಿನ ಬಳಿಗೆ ಕರೆದೊಯ್ದು, ಮುಚ್ಚಳ ತೆಗೆದು, ಕೊಳವೆಯ ಬಾಯಿಗೂ ಟ್ಯಾಂಕಿನ ಅಂಚಿಗೂ ನಡುವೆ ತಮ್ಮ ನಾಲ್ಕು ಬೆರಳುಗಳನ್ನಿಟ್ಟು ತೋರಿಸಿದರು. ಆ ವರ್ಷದ ಪರೀಕ್ಷೆ ಅಷ್ಟರಲ್ಲಿಯೇ ಮುಗಿಯಿತು.